ಅಡಿಕೆಗೆ ಹೋದ ಮಾನ

 

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ವಿಸ್ತರಿಸಿ ಬರೆದಿದ್ದೇವೆ. ಗಾದೆ ವೇದಕ್ಕೆ ಸಮಾನ ಎಂದು ಹಿರಿಯರು ಹೇಳುತ್ತಾರೆ. ಆದರೂ ನನಗೊಂದು ಅನುಮಾನ. ಹೋದ ಮಾನ ಬರುವುದೇ ಇಲ್ಲ ಎಂದಾದರೆ ತಪ್ಪು ಮಾಡಿದವರು ತಿದ್ದಿಕೊಂಡು ಏನು ಪ್ರಯೋಜನ?

ಗಾಂಧೀಜಿಯವರು 15 ವರ್ಷದ ಹುಡುಗನಾಗಿದ್ದಾಗ ಅಣ್ಣನ ಕಡಗದಿಂದ ಸ್ವಲ್ಪ ಚಿನ್ನ ಕದ್ದಿದ್ದರು. ಅಣ್ಣ ಮಾಡಿದ್ದ ಸುಮಾರು 25 ರೂಪಾಯಿ ಸಾಲ ತೀರಿಸುವುದಕ್ಕಾಗಿ. ಆಮೇಲೆ ಮನಸ್ಸು ತಡೆಯಲಿಲ್ಲ. ಚೀಟಿಯಲ್ಲಿ ತಪ್ಪು ಬರೆದು, ಕಾಯಿಲೆ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ತಂದೆ ಓದಿ ಕಣ್ಣೀರು ಹಾಕಿದರು, ಚೀಟಿ ಹರಿದು ಹಾಕಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಇದನ್ನು ಗಾಂಧೀಜಿಯೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅಶೋಕನ ತಪ್ಪು ಬಹಳ ದೊಡ್ಡದು. ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು ಎಂದು ಅವನೇ 13ನೇ ಬಂಡೆಗಲ್ಲು ಶಾಸನದಲ್ಲಿ ಕೆತ್ತಿಸಿ ದುಃಖಪಟ್ಟಿದ್ದಾನೆ. ರಾಜನಾದವನು ಗೆದ್ದದ್ದನ್ನು ಕೆತ್ತಿಸುತ್ತಾನೆ. ಇವನು ನೊಂದದ್ದನ್ನೂ ಕೆತ್ತಿಸಿದ.

ಇವರೆಲ್ಲ ದೊಡ್ಡವರು, ನಮ್ಮಂಥವರ ಕೈಲಿ ಆಗುತ್ತದಾ ಎಂದು ನೀವು ಕೇಳಬಹುದು. ಅದಕ್ಕೇ ನಮ್ಮ ಚಿಕ್ಕಪ್ಪನ ವಿಷಯ ಹೇಳುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರಿ ಮಗ, ಊರಿಗೆಲ್ಲ ಗೊತ್ತಿರೋದೇ ಅಲ್ವಾ” ಅಂದರು.

ಹಸುವಿನ ಸಾಲ ಕಟ್ಟಬೇಕಾಗಿದ್ದಾಗ ಚಿಕ್ಕಪ್ಪ ಹಾಲಿಗೆ ನೀರು ಬೆರೆಸಿ ಡೇರಿಗೆ ಹಾಕಿದ್ದರು. ನೀರಿಗಿಂತ ಹಾಲಿನ ಸಾಂದ್ರತೆ ಹೆಚ್ಚು. ನೀರು ಬೆರೆಸಿದರೆ ಸಾಂದ್ರತೆ ಕಡಿಮೆಯಾಗಿ ಲ್ಯಾಕ್ಟೋಮೀಟರ್ ಆಳಕ್ಕೆ ಇಳಿಯುತ್ತದೆ. ಸಿಕ್ಕಿಬಿದ್ದರು. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಸುರಿಯುವುದರಿಂದ ಒಬ್ಬರ ನೀರಿನಿಂದ ಎಲ್ಲರಿಗೂ ನಷ್ಟ. ಹದಿನೈದು ದಿನ ಅವರ ಹಾಲು ತೆಗೆದುಕೊಳ್ಳಲಿಲ್ಲ. ನಾನು ನಮ್ಮ ಮನೆಯ ಹಾಲು ತೆಗೆದುಕೊಂಡು ಹೋದರೂ “ಅದೇ ಮನೆದಲ್ವಾ, ಎರಡು ಸಲ ನೋಡಿ” ಅನ್ನುತ್ತಿದ್ದರು. ನನಗೆ ಅಳು ಬರುತ್ತಿತ್ತು.

ಚಿಕ್ಕಪ್ಪ ಯಾರ ಜೊತೆಗೂ ಜಗಳ ಆಡಲಿಲ್ಲ. ಹದಿನಾರನೇ ದಿನದಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, “ಎಲ್ಲರೂ ಬರಲಿ, ಎಲ್ಲರ ಮುಂದೇನೇ ನಂದು ನೋಡಿ” ಎಂದು ಕಾಯುತ್ತಿದ್ದರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಜನ ಮಾತ್ರ ನಂಬಲಿಲ್ಲ. “ಭಯಕ್ಕೆ ಸರಿಯಾಗವ್ನೆ” ಅಂದರು.

ಒಂದು ದಿನ ಅವರು ಹಾಲನ್ನೇ ತರದೆ ಬರಿಗೈಲಿ ಬಂದರು. ಹಸುವಿಗೆ ಕೆಚ್ಚಲು ಬಾವು ಆಗಿತ್ತು, ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದರು. ಔಷಧಿ ಇಳಿಯುವವರೆಗೆ ಆ ಹಾಲು ಹಾಕಬಾರದು. ಚಿಕ್ಕಪ್ಪ ಹಿಂಡಿದ್ದನ್ನೆಲ್ಲ ಚೆಲ್ಲಿಬಿಟ್ಟಿದ್ದರು. ಔಷಧಿ ಇರುವುದನ್ನು ಲ್ಯಾಕ್ಟೋಮೀಟರ್ ತೋರಿಸುವುದಿಲ್ಲ. ಅವರು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಾಲದ ಕಂತು ಆಗಲೂ ಬಾಕಿ ಇತ್ತು.

ಅದಾದ ಮೇಲೆ ಪಕ್ಕದ ಬೀದಿಯ ಅಜ್ಜಿ, “ಮಂಡಿ ನೋವು ಕಣಪ್ಪ, ನಂದೂ ಹಾಕ್ಬುಡು” ಎಂದು ತಮ್ಮ ಹಾಲನ್ನು ಚಿಕ್ಕಪ್ಪನ ಕೈಗೇ ಕೊಟ್ಟರು. ಆವತ್ತು ಚಿಕ್ಕಪ್ಪ ಮನೆಗೆ ಬಂದು ಊಟ ಮಾಡುವಾಗ ಮಾತೇ ಆಡಲಿಲ್ಲ. ಇವತ್ತಿಗೂ ನಂಬದವರು ಇಬ್ಬರು ಮೂವರು ಇದ್ದಾರೆ. “ಅವರದ್ದೂ ತಪ್ಪಲ್ಲ ಬುಡು” ಅನ್ನುತ್ತಾರೆ ಚಿಕ್ಕಪ್ಪ.

ಇದರಿಂದ ನನಗೆ ತಿಳಿದದ್ದು ಇಷ್ಟು. ಗಾದೆ ಅರ್ಧ ನಿಜ. ಹೋದ ಮಾನ ಒಂದೇ ಸಲ ಆನೆ ಕೊಟ್ಟರೆ ಬರುವುದಿಲ್ಲ. ದಿನಕ್ಕೊಂದು ಅಡಿಕೆಯಂತೆ ಬಹಳ ದಿನ ಕೊಟ್ಟರೆ ಬರುತ್ತದೆ. ಆದರೆ ತೆಗೆದುಕೊಳ್ಳುವ ಕೈಯೂ ಒಂದು ಬೇಕು. ಆ ಅಜ್ಜಿಯ ಕೈಯಂಥದ್ದು.

ಗೆಳೆಯರೇ, ನಮ್ಮ ತರಗತಿಯಲ್ಲಿ ಏನು ಕಳೆದರೂ ಎಲ್ಲರೂ ಒಬ್ಬನ ಕಡೆಗೇ ತಿರುಗಿ ನೋಡುತ್ತೇವೆ. ಅವನು ಪೆನ್ನು ತೆಗೆದದ್ದು ಐದನೇ ತರಗತಿಯಲ್ಲಿ. ಈಗ ನಾವು ಏಳನೇ ತರಗತಿ. ಹೋದ ವಾರ ಕಳೆದಿದ್ದ ಕಂಪಾಸು ಬೆಂಚಿನ ಕೆಳಗೇ ಸಿಕ್ಕಿತು. ಅವನಿಗೆ ಯಾರೂ ಏನೂ ಹೇಳಲಿಲ್ಲ. ಈ ತಿಂಗಳು ಗ್ರಂಥಾಲಯದ ಪೆಟ್ಟಿಗೆಯ ಬೀಗದ ಕೈಯನ್ನು ಅವನಿಗೇ ಕೊಡಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ನೀವೂ ಒಪ್ಪುತ್ತೀರಿ ಅಂದುಕೊಂಡಿದ್ದೇನೆ.