ಸೆಂಟ್ರಿಂಗ್‌ನವರು ಯಾರ ಲೆಕ್ಕ?

ನಮ್ಮ ವಯಸ್ಸಿನವರ ಹತ್ರ ಇನ್ಶೂರೆನ್ಸಿಗೆ ಬರ ಇಲ್ಲ. ಕಂಪನಿ ಕೊಟ್ಟ ಹೆಲ್ತ್ ಕವರ್, ಮದುವೆ ಆದ್ಮೇಲೆ ಮಾಡಿಸಿದ ಟರ್ಮ್ ಪಾಲಿಸಿ, ಕಾರಿಗೊಂದು, ಸ್ಕೂಟರಿಗೊಂದು. 2022ರಲ್ಲಿ ಬೆಂಗಳೂರಿನ ಹೊರವಲಯದ 30×40 ಸೈಟಿನಲ್ಲಿ ಮನೆ ಕಟ್ಟಿಸೋಕೆ ಹೊರಟಾಗ ಬ್ಯಾಂಕಿನವರು ಸಾಲಕ್ಕೂ ಒಂದು ಪಾಲಿಸಿ ಅಂಟಿಸಿದರು. ನಾನು ಸತ್ತರೆ ಸಾಲ ತೀರತ್ತೆ, ಸರಿ. ಸಾರ್ವೆ ಮೇಲೆ ನಿಂತು ಇಟ್ಟಿಗೆ ಜೋಡಿಸುವವನು ಬಿದ್ದರೆ? ಅದನ್ನು ಕೇಳುವ ಕಾಲಂ ಯಾವ ಫಾರ್ಮಿನಲ್ಲೂ ಇರಲಿಲ್ಲ.

ಕಾಂಟ್ರಾಕ್ಟರನ್ನ ಕೇಳಿದೆ. "ನಮ್ ಹುಡುಗ್ರಿಗೆಲ್ಲ ಮಾಡ್ಸಿದೀನಿ ಮೇಡಂ" ಅಂತ ಮೊಬೈಲಲ್ಲಿ ಪಾಲಿಸಿಯ ಫೋಟೊ ತೋರಿಸಿದರು. ಅದರಲ್ಲಿ ಆರು ಜನ, ಎಲ್ಲರೂ ಗಾರೆ ಕೆಲಸದವರು. ಆವತ್ತು ಸೈಟಿನಲ್ಲಿದ್ದವರು ಹದಿನಾಲ್ಕು.

"ಮಿಕ್ಕವರು?"

"ಅವ್ರು ಸೆಂಟ್ರಿಂಗ್‌ನೋರು, ಕಂಬಿ ಕಟ್ಟೋರು. ಅವ್ರ ಮೇಸ್ತ್ರಿ ಬೇರೆ ಮೇಡಂ."

ಈ "ಬೇರೆ" ಅನ್ನೋದು ಬಹಳ ದೊಡ್ಡ ಪದ. ಮನೆ ಕಟ್ಟೋದು ಒಬ್ಬ ಕಾಂಟ್ರಾಕ್ಟರ್ ಅಂತ ನಾವು ಅಂದ್ಕೊಂಡಿರ್ತೀವಿ. ಅವರು ಸೆಂಟ್ರಿಂಗನ್ನ ಒಬ್ಬರಿಗೆ, ಕಂಬಿಯನ್ನ ಇನ್ನೊಬ್ಬರಿಗೆ, ಟೈಲ್ಸು, ಪೇಂಟು, ಪ್ಲಂಬಿಂಗನ್ನ ಮತ್ತೊಬ್ಬರಿಗೆ ಒಳಗುತ್ತಿಗೆ ಕೊಟ್ಟಿರ್ತಾರೆ. ಮೇಸ್ತ್ರಿ ಕೆಳಗೆ ಐದಾರು ಹುಡುಗರು, ಈ ವಾರ ಇದ್ದವರು ಮುಂದಿನ ವಾರ ಇರಲ್ಲ. ಅತಿ ಎತ್ತರದಲ್ಲಿ ನಿಲ್ಲೋರು ಇವರೇ, ಕಾಗದದಲ್ಲಿ ಇಲ್ಲದೇ ಇರೋರೂ ಇವರೇ.

ವಿಚಿತ್ರ ಅಂದ್ರೆ, ಕಾನೂನು ಇದನ್ನು ನೂರು ವರ್ಷದ ಹಿಂದೆಯೇ ಯೋಚಿಸಿತ್ತು. 2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಯಾರಾದರೂ ತನ್ನ ಕಸುಬಿನ ಕೆಲಸವನ್ನೇ ಒಳಗುತ್ತಿಗೆ ಕೊಟ್ಟರೆ, ಆ ಆಳುಗಳಿಗೆ ಪರಿಹಾರ ಕೊಡುವ ಹೊಣೆ ಮೇಲಿನ ಗುತ್ತಿಗೆದಾರನದ್ದೂ ಆಗಿತ್ತು. ಕೊಟ್ಟಮೇಲೆ ಅದನ್ನ ಅವನು ಮೇಸ್ತ್ರಿಯಿಂದ ವಸೂಲಿ ಮಾಡ್ಕೋಬಹುದಿತ್ತು. ಅಂದ್ರೆ ನಮ್ಮ ಕಾಂಟ್ರಾಕ್ಟರ್ "ಬೇರೆ" ಅಂದ ಮಾತ್ರಕ್ಕೆ ಬಿಡುಗಡೆ ಇರಲಿಲ್ಲ. ಆದರೆ ಹೊಣೆ ಹೋದಷ್ಟು ದೂರ ಪಾಲಿಸಿ ಹೋಗಲ್ಲ. ಒಳಗುತ್ತಿಗೆಯವರನ್ನು ಸೇರಿಸಿ ಅಂತ ಕೇಳಿ, ಅವರ ಕೂಲಿಯನ್ನೂ ಲೆಕ್ಕಕ್ಕೆ ಕೊಟ್ಟು, ಪ್ರೀಮಿಯಂ ಕಟ್ಟಿದರೆ ಮಾತ್ರ ಅವರು ಒಳಗೆ.

ಮೊತ್ತವೇನು ಸಣ್ಣದಲ್ಲ. 2020ರಲ್ಲಿ ಈ ಲೆಕ್ಕಕ್ಕೆ ತಿಂಗಳ ಕೂಲಿಯ ಮಿತಿಯನ್ನು 15,000 ರೂಪಾಯಿ ಮಾಡಿದ್ದರು. ಮೂವತ್ತು ವರ್ಷದವನು ಕೆಲಸದಲ್ಲಿ ಸತ್ತರೆ, ಅದರ ಅರ್ಧವನ್ನು 207.98ರಿಂದ ಗುಣಿಸಬೇಕಿತ್ತು: 15,59,850 ರೂಪಾಯಿ. ಒಂದು ಬೈಕು, ಒಂದು ಮೊಬೈಲು ಇರೋ ಮೇಸ್ತ್ರಿ ಇದನ್ನ ಎಲ್ಲಿಂದ ತರ್ತಾನೆ?

ನಮ್ಮ ರಸ್ತೆಯ ಕೊನೆಯ ಕಟ್ಟಡದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಸೆಂಟ್ರಿಂಗ್ ಬಿಚ್ಚುವಾಗ ಯಾದಗಿರಿ ಕಡೆಯ ಹುಡುಗನೊಬ್ಬ ಬಿದ್ದು ಸೊಂಟ ಮುರಿದುಕೊಂಡ. ಕಾಂಟ್ರಾಕ್ಟರ್ ಮೇಸ್ತ್ರಿಯನ್ನ ತೋರಿಸಿದ. ಮೇಸ್ತ್ರಿ ಮೊದಲ ಆಸ್ಪತ್ರೆ ಬಿಲ್ ಕಟ್ಟಿದ, ಆಮೇಲೆ ಫೋನ್ ಸ್ವಿಚ್ ಆಫ್. ಕೇಸು ಹಾಕಬಹುದಿತ್ತು. ಆದರೆ ತೀರ್ಪು ಬರೋವರೆಗೆ ಕೂಲಿ ಇಲ್ಲದೆ ಶೆಡ್ಡಿನಲ್ಲಿ ಕೂರೋದು ಹೇಗೆ? ಹೆಂಡತಿ ಅವನನ್ನ ರಾತ್ರಿ ಬಸ್ಸಿಗೆ ಹತ್ತಿಸಿಕೊಂಡು ಊರಿಗೆ ಹೋದಳು. ಆ ಕಟ್ಟಡದ ಮುಂದೆ ದೃಷ್ಟಿಗೆ ಕಟ್ಟಿದ್ದ ಬೂದುಗುಂಬಳಕಾಯಿ ಹಾಗೇ ನೇತಾಡ್ತಿತ್ತು.

ಆ ವಾರವೇ ಕಾಂಟ್ರಾಕ್ಟರ್ ಜೊತೆ ಕೂತೆ. "ಮೂರು ದಿನದ ಕೆಲ್ಸಕ್ಕೆ ಯಾರು ಮಾಡಿಸ್ತಾರೆ ಮೇಡಂ" ಅಂದರು. ಹದಿನೈದು ಲಕ್ಷದ ಲೆಕ್ಕ ತೋರಿಸಿ, ಇದು ನಿಮ್ಮ ತಲೆ ಮೇಲೂ ಬರತ್ತೆ ಅಂದಾಗ ಸುಮ್ಮನಾದರು. ಹುಡುಗರು ಬದಲಾಗ್ತಾರೆ, ಹೆಸರು ಎಲ್ಲಿಂದ ಕೊಡೋದು ಅನ್ನೋದು ಅವರ ಮುಂದಿನ ತಕರಾರು. ನಾವು ವಿಚಾರಿಸಿದ ವಿಮಾ ಏಜೆಂಟ್ ಹೆಸರೇ ಕೇಳಲಿಲ್ಲ. ಕೆಲಸದ ಬಗೆ, ತಲೆಯೆಣಿಕೆ, ಕೂಲಿ ಸಾಕು ಅಂದರು. ಆಸ್ಪತ್ರೆ ಖರ್ಚಿನ ಕವರ್ ಬೇರೆ, ಅದನ್ನ ಕೇಳಿ ಹಾಕಿಸಿದೆವು. ಪ್ರೀಮಿಯಂ ಇಬ್ಬರೂ ಅರ್ಧರ್ಧ. ನನ್ನ ಪಾಲಿಗೆ ಬಂದದ್ದು ಮುಂಬಾಗಿಲಿನ ತೇಗಕ್ಕಿಂತ ಬಹಳ ಕಡಿಮೆ.

ಕೆಲವರು ಹೇಳ್ತಾರೆ, ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಇದ್ರೆ ಆಯ್ತು ಅಂತ. ಹೆಸರಲ್ಲೇ "ಆಲ್" ಇದೆಯಲ್ಲ! ಅದು ಮುಖ್ಯವಾಗಿ ಕಟ್ಟಡಕ್ಕೆ, ಸಾಮಾನಿಗೆ. ಗೋಡೆ ಬಿದ್ದು ಪಕ್ಕದ ಮನೆಗೆ ಹಾನಿಯಾದರೆ ಅದಕ್ಕೂ ಸೇರಿಸಬಹುದು. ಗೋಡೆ ಕಟ್ಟುತ್ತಿದ್ದವನು ಅದರಲ್ಲಿ ಇಲ್ಲ.

ಇನ್ನೊಂದು ಇದೆ, ಲೇಬರ್ ಕಾರ್ಡ್. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯದ್ದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ನೋಂದಾಯಿಸಬಹುದು. ಅದು ಆಳಿನ ಹೆಸರಲ್ಲಿರೋದರಿಂದ ಮೇಸ್ತ್ರಿ ಬದಲಾದರೂ ಅವನ ಜೊತೆಗೇ ಹೋಗತ್ತೆ. ಪಾಲಿಸಿಗೆ ಇದು ಬದಲಿ ಅಲ್ಲ, ಎರಡೂ ಬೇಕು.

ಮನೆ ಕಟ್ಟಿಸ್ತಿದ್ರೆ ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿ: ಯಾವುದೇ ಮೇಸ್ತ್ರಿಯ ಬ್ಯಾಚ್ ಸಾರ್ವೆ ಹತ್ತೋ ಮುಂಚೆ ಪಾಲಿಸಿಯಲ್ಲಿ ಸೇರಿರಬೇಕು. ಫೋಟೊ ನೋಡಿ ಸುಮ್ಮನಾಗಬೇಡಿ. ಅದರಲ್ಲಿ ಎಷ್ಟು ತಲೆ ಇದೆ ಅಂತ ಓದಿ, ಆಮೇಲೆ ಸೈಟಿಗೆ ಹೋಗಿ ಎಣಿಸಿ.