ಓಕ್ ಮರದ ಕುರ್ಚಿ

ಮರದ ಪೀಠೋಪಕರಣಗಳಲ್ಲಿ ‘ಮಿಶನ್ ಶೈಲಿ’ ಎಂಬುದೊಂದಿದೆ. ಮಿಶನ್ ಎಂದೊಡನೆ ಕಾಸರಗೋಡು, ಮಂಗಳೂರು ಕಡೆಯವರಾದ ನಮಗೆ ನೆನಪಾಗುವುದು ಬಾಸೆಲ್ ಮಿಶನ್. ಅದರ ಹಂಚು, ಅದರ ಮುದ್ರಣಾಲಯ, ಅದರ ಶಾಲೆಗಳು. ಇದು ಆ ಮಿಶನ್ ಅಲ್ಲ. ಕ್ಯಾಲಿಫೋರ್ನಿಯದಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಹಳೆಯ ಧರ್ಮಕೇಂದ್ರಗಳನ್ನು ನೆನಪಿಸುವಂತೆ ವ್ಯಾಪಾರಿಗಳು ಬಳಕೆಗೆ ತಂದ ಹೆಸರು ಅದು. 1900ರ ಆಸುಪಾಸಿನಲ್ಲಿ ಅಮೆರಿಕದ ಮನೆಮನೆಗೂ ಈ ಶೈಲಿ ಹಬ್ಬಿತು. ನೇರವಾದ ಕಾಲುಗಳು, ಅಗಲವಾದ ಕೈಗಳು, ಸಾಲಾಗಿ ನಿಂತ ಪಟ್ಟಿಗಳು. ಹೂವಿಲ್ಲ, ಬಳ್ಳಿಯಿಲ್ಲ, ಸಿಂಹದ ಪಾದವಿಲ್ಲ.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಮಗನ ಮನೆಯಲ್ಲಿ ನಾವು ಆರು ತಿಂಗಳಿದ್ದಾಗ ಅವನು ಅಂಥದೊಂದು ಕುರ್ಚಿಯನ್ನು ತನ್ನ ಕೈಯಿಂದಲೇ ಮಾಡಿದನು. ಕಾರಣ ಸರಳ. ನಮ್ಮ ಶ್ರೀಮತಿಯವರಿಗೆ ಮಂಡಿನೋವು. ಅಲ್ಲಿಯ ಸೋಫಾಗಳಲ್ಲಿ ಕುಳಿತರೆ ಕೆಸರಿನಲ್ಲಿ ಹೂತಂತೆ. ಏಳಬೇಕಾದರೆ ಇಬ್ಬರು ಕೈಕೊಡಬೇಕು. “ಅಮ್ಮನ ಮಂಡಿಯ ಅಳತೆ ಅಂಗಡಿಯಲ್ಲಿ ಸಿಗುವುದಿಲ್ಲ” ಎಂದು ಮಗ ಆಸನವನ್ನು 18 ಇಂಚಿಗೆ ಏರಿಸಿ ನಕ್ಷೆ ಬರೆದನು. ಊರಿ ಏಳುವುದಕ್ಕೆ ಈ ಶೈಲಿಯ ಅಗಲವಾದ ಚಪ್ಪಟೆ ಕೈಗಳಷ್ಟು ಅನುಕೂಲವಾದುದು ಬೇರೊಂದಿಲ್ಲ.

ಈ ಶೈಲಿಯನ್ನು ಪ್ರಸಿದ್ಧಿಗೆ ತಂದವರಲ್ಲಿ ಮುಖ್ಯನು ಗುಸ್ತಾವ್ ಸ್ಟಿಕ್ಲಿ. 1858ರಲ್ಲಿ ಹುಟ್ಟಿದ ಈತ ಕಲ್ಲುಕುಟಿಗನ ಮಗ. 1901ರಲ್ಲಿ ‘ದಿ ಕ್ರಾಫ್ಟ್ಸ್‌ಮನ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿ, ತನ್ನ ಕಾರ್ಖಾನೆಯ ವಸ್ತುಗಳನ್ನು ಮಾರುತ್ತಲೇ, ಓದುಗರು ಮನೆಯಲ್ಲಿ ತಾವೇ ಮಾಡಿಕೊಳ್ಳಲೆಂದು ನಕ್ಷೆಗಳನ್ನೂ ಅಚ್ಚುಹಾಕಿದನು. ವ್ಯಾಪಾರದ ಲೆಕ್ಕದಲ್ಲಿ ಇದು ಎಂಥ ಬುದ್ಧಿಯೋ! 1915ರಲ್ಲಿ ಆತ ದಿವಾಳಿಯಾದುದಕ್ಕೆ ಬೇರೆ ಕಾರಣಗಳಿದ್ದವೆನ್ನಿ. ಅವನು ವಾಸವಾಗಿದ್ದ, ಮರದ ದಿಮ್ಮಿಗಳಿಂದ ಕಟ್ಟಿದ ಮನೆ ಪಾರ್ಸಿಪನಿಯಲ್ಲಿ ಇಂದು ವಸ್ತುಸಂಗ್ರಹಾಲಯವಾಗಿದೆ.

ಆ ಪತ್ರಿಕೆಯ ಮೊದಲ ಸಂಚಿಕೆ ವಿಲಿಯಂ ಮಾರಿಸ್‌ಗೆ, ಎರಡನೆಯದು ಜಾನ್ ರಸ್ಕಿನ್‌ಗೆ ಮೀಸಲಾಗಿತ್ತು ಎಂದು ತಿಳಿದಾಗ ನಮ್ಮ ಕಿವಿ ನೆಟ್ಟಗಾಯಿತು. ಗಾಂಧೀಜಿಯವರು 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿ, ಬಳಿಕ ‘ಸರ್ವೋದಯ’ವೆಂದು ಗುಜರಾತಿಗೆ ತಂದದ್ದು ಇದೇ ರಸ್ಕಿನ್ನನ ಪುಸ್ತಕವನ್ನು. ಕೈಕೆಲಸವು ಮನುಷ್ಯನನ್ನು ಕುಗ್ಗಿಸುವುದಿಲ್ಲವೆಂಬ ಒಂದೇ ಮಾತು ಅಲ್ಲಿ ಕುರ್ಚಿಯಾಯಿತು, ಇಲ್ಲಿ ಚರಕವಾಯಿತು. 1937ರ ವಾರ್ಧಾ ಶಿಕ್ಷಣ ಯೋಜನೆಯಲ್ಲಿ ನೂಲುವುದರ ಜೊತೆಗೆ ಮರಗೆಲಸಕ್ಕೂ ಸ್ಥಾನವಿತ್ತು. ಆದರೆ ಬಿ.ಎಡ್. ಪರೀಕ್ಷೆಯಲ್ಲಿ ಅದರ ಕುರಿತ ಪ್ರಶ್ನೆಗೆ ಒಮ್ಮೆಯೂ ಉಳಿ ಹಿಡಿಯದೆಯೇ ಉತ್ತರ ಬರೆಯಬಹುದಾಗಿತ್ತು!

ಇನ್ನು ಮರದ ವಿಚಾರ. ನಮ್ಮ ಬಾಗಿಲು, ಮಂಚಗಳಿಗೆ ಹಲಸು ಹೇಗೋ ಈ ಕುರ್ಚಿಗೆ ಬಿಳಿ ಓಕ್ ಹಾಗೆ. ದಿಮ್ಮಿಯನ್ನು ಮೊದಲು ಉದ್ದಕ್ಕೆ ನಾಲ್ಕು ಸೀಳು ಮಾಡಿ, ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ಬರುವಂತೆ ಕೊಯ್ಯುತ್ತಾರೆ. ಮರ ಹೆಚ್ಚು ಪೋಲಾಗುತ್ತದೆ, ಬೆಲೆಯೂ ಹೆಚ್ಚು. ಆದರೆ ಅಂಥ ಹಲಗೆ ಸುಲಭವಾಗಿ ಡೊಂಕಾಗದು. ಮೇಲಾಗಿ ತಿರುಳಿನಿಂದ ತೊಗಟೆಯ ಕಡೆಗೆ ಹಬ್ಬಿದ ಕಿರಣಗಳು ಅದರ ಮೈಮೇಲೆ ಬೆಳ್ಳಿಯ ಅಲೆಗಳಂತೆ ಹೊಳೆಯುತ್ತವೆ. ಮೊಮ್ಮಗ ಅದನ್ನು ಹುಲಿಪಟ್ಟೆಯೆಂದನು.

ಜೋಡಣೆಯೇ ಈ ಶೈಲಿಯ ಜೀವ. ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕತ್ತರಿಸಿ, ಕಾಲಿನಲ್ಲಿ ಕೊರೆದ ಕಿಂಡಿಗೆ ತೂರಿಸುತ್ತಾರೆ. ನಮ್ಮ ಆಚಾರಿಗಳು ಮಾಡುವುದೂ ಇದನ್ನೇ. ಆದರೆ ಇಲ್ಲಿ ನಾಲಗೆ ಮರವನ್ನು ದಾಟಿ ಆಚೆಗೆ ತಲೆ ತೋರಿಸುತ್ತದೆ. ಅದನ್ನು ಯಾರೂ ಮುಚ್ಚುವುದಿಲ್ಲ. ಕೂದಲೆಳೆಯ ಸಂದು ಉಳಿದರೂ ನೋಡಿದವರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮಗ ಮೂರು ವಾರ ಅಗ್ಗದ ಪೈನ್ ತುಂಡುಗಳ ಮೇಲೆಯೇ ಕೈ ಪಳಗಿಸಿದನು. 1956ರಿಂದ ಮತ್ತೊಂದು ರಾಜ್ಯದ ಅಂಚಿಗೆ ಜೋಡಿಸಲ್ಪಟ್ಟ ನಾಡಿನವರಾದ ನಮಗೆ, ಜೋಡಣೆ ಹೊರಗೆ ಕಾಣುವುದರಲ್ಲಿ ಸಂಕೋಚಪಡುವಂಥದೇನೂ ತೋರಲಿಲ್ಲ.

ನಮ್ಮ ಪಾಲಿಗೆ ಬಂದದ್ದು ಹಿಡಿದುಕೊಳ್ಳುವುದು, ಗೆರೆ ಎಳೆಯುವುದು, ಮರಳು ಕಾಗದದಿಂದ ಉಜ್ಜುವುದು. ಜೊತೆಗೆ ಒಂದೊಂದು ಸಾಧನದ ಹೆಸರು ಹೇಳುವುದು. ಉಳಿ, ಕೊಡತಿ, ಕೀಸುಳಿ, ಗರಗಸ, ಬೈರಿಗೆ, ಮೂಲೆಮಟ್ಟ. ಮಗ ಕೆಲವನ್ನು ಮರೆತಿದ್ದನು. ಹತ್ತು ವರ್ಷದ ಮೊಮ್ಮಗನಿಗೆ ಎಲ್ಲವೂ ಹೊಸತು. ಮನೆಯೊಳಗೆ “ಕನ್ನಡದಲ್ಲಿ ಮಾತಾಡು” ಎಂದರೆ ಬಾಯಿ ಮುಚ್ಚುವ ಹುಡುಗ, ಕಾರು ನಿಲ್ಲಿಸುವ ಆ ಕೊಠಡಿಯಲ್ಲಿ ನಾಲ್ಕೇ ದಿನಗಳಲ್ಲಿ “ಅಜ್ಜ, ಕೊಡತಿ ಬೇಕಾ?” ಎಂದು ತಾನಾಗಿಯೇ ಕೇಳತೊಡಗಿದನು. ಕೈಗೆ ಒಂದು ವಸ್ತುವನ್ನೂ ಕೊಡದೆ ಪದವನ್ನು ಕಲಿಸಲು ಹೊರಟರೆ ಮಕ್ಕಳಿಗೆ ಅದು ಶಿಕ್ಷೆಯೇ ಸರಿ. ಊರಿನಲ್ಲಾದರೂ ಈ ಪದಗಳು ಎಷ್ಟು ಮಕ್ಕಳಿಗೆ ಗೊತ್ತು? ಆಚಾರಿಯೇ ಈಗ ವಿದ್ಯುತ್ ಯಂತ್ರವನ್ನು ಹೊತ್ತು ಬರುತ್ತಾನೆ.

ಬಣ್ಣ ಬರಿಸುವ ಬಗೆಯನ್ನು ಹೇಳಲೇಬೇಕು. ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ಧಾರಾಳ. ನಮ್ಮ ಅಳಲೆಕಾಯಿಯ ಒಗರು ಕಬ್ಬಿಣದೊಡನೆ ಸೇರಿ ಕಪ್ಪು ಶಾಯಿಯಾಗುವುದಿಲ್ಲವೇ, ಹಾಗೆಯೇ ಒದ್ದೆ ಕಬ್ಬಿಣ ತಗುಲಿದರೆ ಓಕ್ ಮರವೂ ಕಪ್ಪಾಗುತ್ತದೆ. ಅಮೋನಿಯದ ಹೊಗೆ ತಗುಲಿದರೆ ಮಾತ್ರ ಕಂದು. ಮಗ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಗುಡಾರ ಕಟ್ಟಿ, ಒಳಗೆ ಕುರ್ಚಿಯನ್ನೂ ತಟ್ಟೆಯಲ್ಲಿ ಅಮೋನಿಯವನ್ನೂ ಇಟ್ಟು, ಮೂಗಿಗೆ ರಕ್ಷಾಕವಚ, ಕಣ್ಣಿಗೆ ಕನ್ನಡಕ ಧರಿಸಿ ಮುಚ್ಚಿದನು. ಕಣ್ಣು, ಶ್ವಾಸಕೋಶಗಳನ್ನು ಸುಡುವ ವಸ್ತು. ನಮಗೂ ಮೊಮ್ಮಗನಿಗೂ ಹತ್ತಿರ ಸುಳಿಯಲು ಅಪ್ಪಣೆಯಿರಲಿಲ್ಲ. ಮರುದಿನ ತೆರೆದಾಗ ಮರ ಬೂದಿ ಬಡಿದಂತಿತ್ತು. ಅಗಸೆ ಎಣ್ಣೆ ಸವರಿದೊಡನೆ ಜೇನಿನ ಬಣ್ಣ ಮೇಲೆದ್ದು ಬಂದಿತು. ಹಚ್ಚಿದ ಬಣ್ಣದಂತೆ ಅದು ಸುಲಿಯುವುದಿಲ್ಲ, ಮರವೇ ಬಣ್ಣವಾಗಿರುತ್ತದೆ.

ಶ್ರೀಮತಿಯವರು ಕುಳಿತರು, ಕೈಗಳನ್ನೂರಿ ಒಬ್ಬರೇ ಎದ್ದರು, ಮತ್ತೆ ಕುಳಿತರು. ಊರಿಗೆ ತರೋಣವೆಂದರೆ ಇಬ್ಬರು ಎತ್ತಬೇಕಾದ ಭಾರ. ಅದು ಅಲ್ಲಿಯೇ ಕಿಟಕಿಯ ಬಳಿ ಉಳಿಯಿತು.

ಕಳೆದ ತಿಂಗಳು ಮಗ ದೂರವಾಣಿಯಲ್ಲಿ, “ಅಪ್ಪ, ನಿಮ್ಮ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಎಷ್ಟು ಇಂಚು?” ಎಂದು ಕೇಳಿದನು. ಅದೇ ಓಕ್ ಮರದಲ್ಲಿ ಒಂದು ಪುಸ್ತಕದ ಕಪಾಟು ಮಾಡುತ್ತಾನಂತೆ. ಅಲ್ಲಿ ಅವನ್ನು ಓದುವವರು ಯಾರೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಡಿಕೋಲು ಹಿಡಿದು ಕುಳಿತೆವು. ನಿಘಂಟಿಗೆ 11 ಇಂಚು ಬೇಕು; ಉಳಿದವೆಲ್ಲ 9ರೊಳಗೆ. ಅಳತೆಯನ್ನು ಕಳುಹಿಸಿಯಾಗಿದೆ. ಯಾವ ಪುಸ್ತಕಗಳು ಹೋಗಬೇಕು, ಯಾವುವು ಇಲ್ಲಿರಬೇಕು ಎಂಬ ಪಟ್ಟಿಯನ್ನು ಇಬ್ಬರೂ ಕುಳಿತು ಬರೆಯುತ್ತಿದ್ದೇವೆ.