ಗಾಜಿನ ಕಡಲಿನಲ್ಲಿ ಪಾಚಿ

ಕಾಸರಗೋಡಿನ ಕಡಲನ್ನು ನೋಡುತ್ತಲೇ ಮುದುಕನಾದ ನನಗೆ, ಶಾರ್ಜಾದಲ್ಲಿರುವ ಮಗನ ಮನೆಯ ಐದನೆಯ ಅಂತಸ್ತಿನಲ್ಲಿ ಇನ್ನೊಂದು ಕಡಲನ್ನು ಕಾಯುವ ಕೆಲಸ ಬಂದೊದಗಿತು. ಅದು ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಒರಟು ಕಲ್ಲುಗಳು, ಕಲ್ಲುಗಳ ಮೇಲೆ ಜೀವಂತ ಹವಳಗಳು, ನಡುವೆ ಐದಾರು ಮೀನುಗಳು. ಆ ಊರಿನ ನಲ್ಲಿಗಳಲ್ಲಿ ಬರುವುದು ಬಹುಪಾಲು ಸಮುದ್ರದಿಂದ ಉಪ್ಪು ತೆಗೆದ ನೀರು. ನನ್ನ ಮಗನು ಅದೇ ನೀರನ್ನು ಮತ್ತೊಮ್ಮೆ ಶುದ್ಧೀಕರಿಸಿ, ಲೀಟರಿಗೆ ಸುಮಾರು 35 ಗ್ರಾಮಿನಂತೆ ಪುನಃ ಉಪ್ಪು ಬೆರೆಸಿ ಸಮುದ್ರವನ್ನು ತಯಾರಿಸುತ್ತಿದ್ದನು. ಈ ವೈಚಿತ್ರ್ಯವನ್ನು ಕಂಡು ನಾನು ನಕ್ಕೆನು. ಆ ನಗೆ ಬಹಳ ದಿನ ಉಳಿಯಲಿಲ್ಲ. (ಇದನ್ನೋದಿದ ವಿದ್ಯಾರ್ಥಿಗಳು ಹವಳ ಕೀಳಲು ಕಡಲಿಗಿಳಿಯಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ; ನಮ್ಮ ದೇಶದಲ್ಲಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.)

ಮಗನು ಉದ್ಯೋಗದ ನಿಮಿತ್ತ ಒಂದು ತಿಂಗಳು ಹೊರಗೆ ಹೋಗಬೇಕಾಯಿತು. ಹೊರಡುವಾಗ, “ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ ಅಪ್ಪ, ದೀಪ ತಾನಾಗಿ ಆರುತ್ತದೆ, ಅದನ್ನು ಮುಟ್ಟುವುದು ಬೇಡ” ಎಂದನು. ಜೀವಮಾನವಿಡೀ ಮಕ್ಕಳಿಗೆ ಸೂಚನೆ ಕೊಟ್ಟ ಮಾಸ್ತರನಿಗೆ ಎರಡು ಸೂಚನೆಗಳನ್ನು ಪಾಲಿಸುವುದು ದೊಡ್ಡ ಮಾತೇ?

ಆದರೆ ಆ ಮೀನುಗಳು ಮನುಷ್ಯರ ನೆರಳು ಕಂಡೊಡನೆ ಗಾಜಿನ ಬಳಿಗೆ ಬಂದು ಬಾಯಿ ತೆರೆದು ನಿಲ್ಲುತ್ತವೆ. ಶಾಲೆಯ ಮಧ್ಯಾಹ್ನದೂಟಕ್ಕೆ ತಟ್ಟೆ ಹಿಡಿದು ಸಾಲುನಿಂತ ಮಕ್ಕಳ ಮುಖಗಳು ನನ್ನ ನೆನಪಿಗೆ ಬರುತ್ತಿದ್ದವು. ಮೊಮ್ಮಗಳಂತೂ, “ಅಜ್ಜ, ಅವಕ್ಕೆ ಹಸಿವೆ” ಎಂದು ತೀರ್ಪನ್ನೇ ಕೊಡುವಳು. ಒಂದು ಹೊತ್ತು ಮೂರು ಹೊತ್ತಾಯಿತು. ಅವಳು ನಿದ್ದೆಹೋಗುವವರೆಗೆ ಮೀನು ನೋಡಲೆಂದು ದೀಪದ ಅವಧಿಯನ್ನೂ ಬೆಳೆಸಿದೆನು.

ಎರಡನೆಯ ವಾರದಲ್ಲಿ ಗಾಜಿನ ಮೇಲೆ ಕಂದುಬಣ್ಣದ ಧೂಳು ಕಾಣಿಸಿತು. ಒರೆಸಿದೆನು. ಮೂರನೆಯ ವಾರ ಕಲ್ಲುಗಳ ಮೇಲೆ ಹಸುರು ಮೂಡಿತು. ನೀರಿನ ಸೆಳೆತಕ್ಕೆ ಗಾಳಿಯಲ್ಲಿ ನೇಜಿ ತೂಗಿದಂತೆ ತೂಗುತ್ತಿತ್ತು. ನಿಜ ಹೇಳಬೇಕೆಂದರೆ, ಅದು ನನಗೆ ಚೆನ್ನಾಗಿಯೇ ಕಂಡಿತು. ನಾಲ್ಕನೆಯ ವಾರದಲ್ಲಿ ಆ ಹಸುರು ಎಳೆಗಳು ಕೂದಲಿನಂತೆ ಬೆಳೆದು, ಮಗನು ಹೆಬ್ಬೆರಳಿನಷ್ಟಿದ್ದ ತುಂಡಿನಿಂದ ಮೂರು ವರ್ಷ ಸಾಕಿ ಅಂಗೈಯಗಲ ಮಾಡಿದ್ದ ಹವಳದ ಮೇಲೆ ಕವಿದುಕೊಂಡವು. ಎಳೆಗಳನ್ನು ಸರಿಸಿ ನೋಡಿದರೆ, ಅಂಚಿನಲ್ಲಿ ಜೀವ ಹೋಗಿ ಬಿಳಿಯ ಎಲುಬು ಕಾಣುತ್ತಿತ್ತು.

ಮಗನು ಬಂದನು, ನೋಡಿದನು, ಒಂದು ಮಾತೂ ಆಡದೆ ತೋಳು ಮಡಚಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಹುಡುಕಿದನು. ಬಯ್ದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

ಮರುದಿನ ಅವನು ನೀರನ್ನು ಪರೀಕ್ಷಿಸಿದಾಗ ಫಾಸ್ಫೇಟು ಸೊನ್ನೆ ಎಂದು ಬಂದಿತು. ಅಪರಾಧದಿಂದ ಬಿಡುಗಡೆಯಾಯಿತೆಂದು ನಾನು ಹಿಗ್ಗಿದೆನು. “ನೀರಿನಲ್ಲಿಲ್ಲ ಅಪ್ಪ, ಇದ್ದದ್ದೆಲ್ಲ ಪಾಚಿಯ ಹೊಟ್ಟೆ ಸೇರಿದೆ” ಎಂದನು. ಮೀನು ತಿಂದದ್ದೂ ತಿನ್ನದೆ ಬಿಟ್ಟದ್ದೂ ಕೊಳೆತು ಮೊದಲು ಅಮೋನಿಯ, ಬಳಿಕ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತದೆ. ಈ ನೈಟ್ರೇಟಿನ ಒಂದಂಶವನ್ನು ಕಲ್ಲಿನೊಳಗೆ ಗಾಳಿಯಾಡದ ಎಡೆಯಲ್ಲಿರುವ ಬ್ಯಾಕ್ಟೀರಿಯಗಳು ಸಾರಜನಕವನ್ನಾಗಿಸಿ ಹೊರಗೆ ಕಳುಹಿಸುತ್ತವೆ. ಫಾಸ್ಫೇಟಿಗೆ ಅಂತಹ ದಾರಿಯಿಲ್ಲ. ಅದು ಕಲ್ಲಿಗೆ ಅಂಟಿಕೊಂಡು, ನೀರು ತಿಳಿಯಾದ ಮೇಲೂ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತಿರುತ್ತದೆ. ನಾನು ಮೂರು ವಾರ ಹಾಕಿದ ಅನ್ನವನ್ನು ಆ ಕಲ್ಲುಗಳು ತಿಂಗಳುಗಟ್ಟಲೆ ಬಡಿಸಲಿದ್ದವು!

ಹಾಗಾದರೆ ಎಲ್ಲವನ್ನೂ ತೊಳೆದು ಶುಭ್ರಮಾಡಿಬಿಡೋಣವೆಂದೆನು. ಅದೂ ಕೂಡದಂತೆ. ಹವಳದ ದೇಹದೊಳಗೂ ಸೂಕ್ಷ್ಮ ಪಾಚಿಗಳೇ ವಾಸವಾಗಿವೆ. ಅವು ಬೆಳಕಿನಿಂದ ಮಾಡಿದ ಆಹಾರವೇ ಹವಳದ ಮುಖ್ಯ ಜೀವನ, ಅದರ ಬಣ್ಣದಲ್ಲೂ ಅವುಗಳ ಪಾಲಿದೆ. ನೈಟ್ರೇಟು ಫಾಸ್ಫೇಟುಗಳು ತೀರ ಇಲ್ಲವಾದರೆ ಹವಳವೂ ಸೊರಗುತ್ತದೆ. ಪಾಚಿಯನ್ನು ಶತ್ರುವೆಂದು ಶಪಿಸುತ್ತಿದ್ದ ನಾನು ಇದನ್ನು ಕೇಳಿ ಸುಮ್ಮನಾದೆನು.

ಆದುದರಿಂದ ಕೆಲಸ ನಿಧಾನದ್ದಾಯಿತು. ಕಲ್ಲನ್ನು ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿನಲ್ಲಿಟ್ಟು ಉಜ್ಜುವುದು, ಕಿತ್ತ ಎಳೆಗಳನ್ನು ಕೊಳವೆಯಿಂದ ಹೀರಿ ತೆಗೆಯುವುದು, ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರನ್ನು ಬದಲಿಸುವುದು. ಟರ್ಬೋ ಎಂಬ ಕಡಲ ಬಸವನಹುಳುಗಳು ಹತ್ತು ಬಂದವು. ಮೇಯುವವರು ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಮಗನು ಜಮೈಕಾದ ಕಥೆ ಹೇಳಿದನು. ಅಲ್ಲಿ ಪಾಚಿ ಮೇಯುವ ಮೀನುಗಳನ್ನು ಜನರು ಮೊದಲೇ ಹಿಡಿದು ಮುಗಿಸಿದ್ದರು. 1980ರಲ್ಲಿ ಚಂಡಮಾರುತವು ಹವಳಗಳನ್ನು ಮುರಿಯಿತು. 1983ರಲ್ಲಿ ರೋಗ ಬಂದು, ಪಾಚಿ ಮೇಯುತ್ತಿದ್ದ ಕರಿಯ ಮುಳ್ಳಿನ ಕಡಲಜೀವಿಗಳೂ ಸತ್ತವು. 1970ರ ದಶಕದ ಕೊನೆಯಲ್ಲಿ ತಳದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸಿದ್ದ ಹವಳವು 1990ರ ದಶಕದ ಆರಂಭಕ್ಕೆ ನೂರರಲ್ಲಿ ಐದಕ್ಕಿಂತ ಕೆಳಗಿಳಿಯಿತು. ತೊಂಬತ್ತಕ್ಕಿಂತ ಹೆಚ್ಚನ್ನು ಪಾಚಿ ಆಕ್ರಮಿಸಿತು.

ಕೊನೆಯ ಉಪಾಯವೇ ನನಗೆ ಹೆಚ್ಚು ಮೆಚ್ಚುಗೆಯಾಯಿತು. ತೊಟ್ಟಿಯ ಕೆಳಗಿನ ಚಿಕ್ಕ ಪೆಟ್ಟಿಗೆಯಲ್ಲಿ ಕೀಟೋಮಾರ್ಫ ಎಂಬ ಇನ್ನೊಂದು ಜಾತಿಯ ಪಾಚಿಯನ್ನು ಇಟ್ಟು, ರಾತ್ರಿ ದೀಪ ಉರಿಸುವುದು. ಅದು ನೀರಿನ ಸಾರವನ್ನು ಹೀರಿ ಉಂಡೆಕಟ್ಟಿ ಬೆಳೆಯುತ್ತದೆ. ವಾರಕ್ಕೊಂದು ಹಿಡಿ ಕಿತ್ತೆಸೆದರೆ, ನಾನು ಹಾಕಿದ್ದರಲ್ಲಿ ಅಷ್ಟು ಹೊರಗೆ ಹೋದಂತೆ. ಆ ಹಿಡಿಯನ್ನು ಹಿಂಡುವಾಗ ನಮ್ಮ ತೋಟದ ಕೆರೆ ನೆನಪಾಗುತ್ತಿತ್ತು. ಹಟ್ಟಿಯ ಗಂಜಳ ಮಳೆನೀರಿನೊಂದಿಗೆ ಹರಿದು ಅದು ಹಸುರುಗಟ್ಟಿದ ವರ್ಷ, ಅಮ್ಮ ಸುರಂಗದ ನೀರನ್ನೇ ಹೊತ್ತು ತಂದಳು. ಹಟ್ಟಿಯ ಕಾಲುವೆಯನ್ನು ತಿರುಗಿಸಬೇಕೆಂದು ನಮಗೆ ಯಾರಿಗೂ ತೋಚಲಿಲ್ಲ.

ನಾನು ಊರಿಗೆ ಹೊರಡುವ ದಿನ ಹಿಂದಿನ ಕಲ್ಲಿನ ಮೇಲೆ ಇನ್ನೂ ಹಸುರಿತ್ತು. ಹವಳದ ಅರ್ಧ ಸತ್ತಿತ್ತು. ಉಳಿದರ್ಧದ ಅಂಚು ಬಿಳಿಯ ಎಲುಬಿನ ಮೇಲೆ ಉಗುರಿನಷ್ಟು ಹಬ್ಬಿತ್ತು. ಮಗನು ಆಹಾರದ ಡಬ್ಬಿಯನ್ನು ತಾನಾಗಿಯೇ ನನ್ನ ಕೈಗೆ ಕೊಟ್ಟನು. ಒಂದು ಚಿಟಿಕೆ ತೆಗೆದೆನು. ಅವನ ಮುಖ ನೋಡಿದೆನು. ಅರ್ಧವನ್ನು ಡಬ್ಬಿಗೇ ಹಾಕಿದೆನು.

ಟರ್ಬೋ ಹುಳುಗಳು ಮಗುಚಿಬಿದ್ದರೆ ಕೆಲವೊಮ್ಮೆ ತಾವಾಗಿ ಏಳಲಾರವು. ಅವನ್ನು ನೆಟ್ಟಗಿಡುವುದು ಈಗ ಮೊಮ್ಮಗಳ ಕೆಲಸ. ಆದಿತ್ಯವಾರ ಫೋನಿನಲ್ಲಿ ನನಗೆ ಲೆಕ್ಕ ಒಪ್ಪಿಸುತ್ತಾಳೆ: “ಅಜ್ಜ, ಇವತ್ತು ಎರಡು ಮಗುಚಿದ್ದವು.”